ಮೂರು ಗಂಟೆಯ ಬೋಣಿ

ನಮ್ಮೂರಿನ ಉದ್ಯಮ ಕೇಂದ್ರಕ್ಕೆ ಸರ್ಕಾರ ಕಟ್ಟಡ ಕೊಟ್ಟಿತು, ಎ.ಸಿ. ಕೊಟ್ಟಿತು, ಸಲಹೆ ಹೇಳಲು ಅಧಿಕಾರಿಗಳನ್ನೂ ಕೊಟ್ಟಿತು. ಅಧಿಕಾರಿಗಳು ಒಬ್ಬೊಬ್ಬರಾಗಿ ವರ್ಗ ಮಾಡಿಸಿಕೊಂಡು ಸೆಬು ನಗರದ ಕಡೆ ಹೊರಟುಹೋದರು. ಉಳಿದವಳು ಇಸಿಂಗಕ್ಕ. ಬಾಗಿಲು ತೆಗೆಯಲು, ಕಸ ಗುಡಿಸಲು, ಕಾಫಿ ಕಾಯಿಸಲು ಆರು ತಿಂಗಳ ಗುತ್ತಿಗೆ ಕಾಗದದ ಮೇಲೆ ಸೇರಿದವಳು. ಆ ಕಾಗದ ಹದಿಮೂರು ಸಲ ಮುಂದುವರಿದಿತ್ತು. ಗಂಡನ ದೋಣಿ ಬಿರುಗಾಳಿಯ ಪಾಲಾದ ಮೇಲೆ ಅವಳ ಮನೆಯಲ್ಲಿ ಅನ್ನ ಬೇಯುತ್ತಿದ್ದದ್ದು ಆ ಕಾಗದದಿಂದಲೇ.

‘ಊರಿನವರಿಗೆ ಊರಿನಲ್ಲೇ ಉದ್ಯೋಗ’ ಎಂದು ಬಾಗಿಲ ಮೇಲೆ ಬರೆದಿತ್ತು. ನಾವು ಹೋಗುತ್ತಿದ್ದದ್ದು ಎ.ಸಿ. ಗಾಳಿಗೆ.

ಹೋದ ವರ್ಷ ಯಾರೋ ಒಬ್ಬ ಬಂದು ಕೊಬ್ಬರಿ ಎಣ್ಣೆಯಿಂದ ಸಾಬೂನು ಮಾಡುವುದನ್ನು ಕಲಿಸಿದ. ಇಪ್ಪತ್ತಮೂರು ಹೆಂಗಸರು ಕಲಿತೆವು. ಎದುರುಮನೆಯ ತಾಸ್ಯಾ ಸಾಬೂನಿನ ಅಂಗಡಿ ಇಟ್ಟಳು ಅಂದ ಮೇಲೆ ನಾನು ಸುಮ್ಮನಿರುವುದು ಹೇಗೆ? ನಾನು ಇಟ್ಟ ಮೇಲೆ ಪಕ್ಕದವಳು ಹೇಗೆ ಬಿಟ್ಟಾಳು? ಒಂದೇ ಬೀದಿಯಲ್ಲಿ ಇಪ್ಪತ್ತಮೂರು ಅಂಗಡಿಗಳಾದವು. ನೆರೆಯವಳ ಸಾಬೂನು ಬೇಡ ಅನ್ನಲು ಮುಖವಿಲ್ಲದೆ ಎರಡು ತಿಂಗಳು ಒಬ್ಬರದನ್ನೊಬ್ಬರು ಕೊಂಡೆವು. ನಮ್ಮ ಹಂದಿಗಳೂ ಘಮಘಮ ಎಂದವು. ಆಮೇಲೆ ವ್ಯಾಪಾರ ಪೂರ್ತಿ ನಿಂತುಹೋಯಿತು.

ಜೂನ್‌ನಲ್ಲಿ ಮೇಲಿನ ಕಚೇರಿಯಿಂದ ಪತ್ರ ಬಂತು. ಕಿರಾಂಟೆ ಎಂಬ ಮೇಡಂ ತಪಾಸಣೆಗೆ ಬರುತ್ತಾರೆ. ಇಪ್ಪತ್ತು ಜನರಿಗಾದರೂ ಕೆಲಸ ಸಿಕ್ಕಿರುವುದನ್ನು ತೋರಿಸದಿದ್ದರೆ ತಿಂಗಳ ಕೊನೆಗೆ ಅನುದಾನ ಬಂದ್. ಇಸಿಂಗಕ್ಕ ಮನೆಮನೆಗೆ ಓಡಿದಳು. ನಮ್ಮನೆಗೂ ಬಂದಳು.

“ಲೇ ನೆನಿತಾ, ಅಂಗಡಿ ತೆಗಿಯೇ! ಬೋರ್ಡ್ ಮೇಲಿರೋ ಕೋಳಿ ಹಿಕ್ಕೆ ಒರೆಸು. ಮೇಡಂ ಬಂದಾಗ ಎಣ್ಣೆ ಕಲಕ್ತಾ ಇರು.”

“ಕೊಳ್ಳೋರೇ ಇಲ್ವಲ್ಲಕ್ಕಾ?” ಎಂದೆ.

“ಹೌದಮ್ಮಾ, ಅದನ್ನೇ ಅವರ ಮುಂದೆ ಕೂಗಿ ಹೇಳು. ಮೂವತ್ತನೇ ತಾರೀಖು ನಾನು ನಿಮ್ಮನೇಗೇ ಊಟಕ್ಕೆ ಬರ್ತೀನಿ!”

ಎಲ್ಲವನ್ನೂ ಯೋಚಿಸಿದ್ದಳು. ನಮ್ಮ ನಾಲಿಗೆಯ ಅಭ್ಯಾಸವೊಂದನ್ನು ಮರೆತಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ತಾಸ್ಯಾಳ ಅಂಗಡಿಗೆ ಬಂದರು. “ಬೋಣಿ ನಿಮ್ದೇ ಮೇಡಂ, ಬರಿಗೈಲಿ ಹೋಗ್ಬೇಡಿ!” ಎಂದಳು ತಾಸ್ಯಾ. ದಿನದ ಮೊದಲ ಗಿರಾಕಿ ಏನೂ ಕೊಳ್ಳದೆ ಹೋದರೆ ಆ ದಿನವೇ ಕೆಟ್ಟಿತು. ಅಂಥ ಪಾಪ ನಮ್ಮ ದ್ವೀಪದಲ್ಲಿ ಯಾರು ಕಟ್ಟಿಕೊಳ್ಳುತ್ತಾರೆ? ಮೇಡಂ ಒಂದು ಸಾಬೂನು ಕೊಂಡರು. ಉಳಿದದ್ದೂ ಮಾರಿಹೋಗಲಿ ಎಂದು ತಾಸ್ಯಾ ಆ ಇಪ್ಪತ್ತು ಪೆಸೊ ನೋಟನ್ನು ಅಂಗಡಿಯ ಸಾಬೂನುಗಳಿಗೆಲ್ಲ ತಟ್ಟಿ ತಟ್ಟಿ ಮುಟ್ಟಿಸಿದಳು. ಎರಡನೇ ಅಂಗಡಿಯಲ್ಲೂ ಬೋಣಿ. ಊಟದ ಹೊತ್ತಿಗೆ ಒಂದು ಚೀಲ ತುಂಬಿತು. ನನ್ನದು ಹದಿನಾರನೆಯದು.

“ಬೋಣಿ ಮಾಡಿ ಮೇಡಂ!” ಎಂದುಬಿಟ್ಟೆ.

ಮೇಡಂ ನೋಟು ಕೊಟ್ಟು ಗಡಿಯಾರ ನೋಡಿಕೊಂಡರು. “ಮಧ್ಯಾಹ್ನ ಮೂರು ಗಂಟೆಗೆ ಬೋಣಿನಾ?”

ನಾನು ತುಟಿ ಕಚ್ಚಿಕೊಂಡೆ. ಆದರೆ ಹಾಳು ಕೈ ಆಗಲೇ ಅವರ ನೋಟನ್ನು ಸಾಬೂನುಗಳಿಗೆ ತಟ್ಟುತ್ತಿತ್ತು. ಹಿಂದೆ ನಿಂತಿದ್ದ ಇಸಿಂಗಕ್ಕನ ಮುಖ ಬಿಳಿಚಿಕೊಂಡಿತು.

ಉಳಿದ ಅಂಗಡಿಗಳನ್ನು ನೋಡದೆ ಮೇಡಂ ಕೇಂದ್ರಕ್ಕೆ ನಡೆದರು. ನಾವೆಲ್ಲ ಕಿಟಕಿಗೆ ಮುತ್ತಿಕೊಂಡೆವು.

“ನಿಜ ಹೇಳಿ ಇಸಿಂಗಕ್ಕ. ಈ ಕೇಂದ್ರದಿಂದ ಎಷ್ಟು ಜನಕ್ಕೆ ಕೆಲ್ಸ ಸಿಕ್ಕಿದೆ?”

“ಒಬ್ರಿಗೆ ಮೇಡಂ. ನನಗೆ. ಅದೂ ಮೂವತ್ತನೇ ತಾರೀಖಿನ ತನಕ.”

ನನಗೆ ನಾಚಿಕೆಯಿಂದ ಅಳು ಬಂತು. ಅವಳ ಅನ್ನಕ್ಕೆ ಕಲ್ಲು ಹಾಕಿದ್ದು ನನ್ನ ಬಾಯಿ. ಮೇಡಂ ತಲೆ ತಗ್ಗಿಸಿದರು, ಭುಜ ಕುಲುಕಿತು. ಅವರೂ ಅಳುತ್ತಿದ್ದಾರೆಂದುಕೊಂಡರೆ, ನಗುತ್ತಿದ್ದರು!

“ಇವತ್ತು ಇಲ್ಲಿಗೆ ಎಷ್ಟು ಜನ ಬಂದಿದ್ರು?”

“ನೀವೇ ಮೊದ್ಲು.” ಇಸಿಂಗಕ್ಕ ಕಾಫಿ ಮುಂದಿಟ್ಟಳು. ಅದರ ಪಕ್ಕಕ್ಕೆ ಅನುದಾನ ಮುಂದುವರಿಸುವ ಅರ್ಜಿಯನ್ನು ಮೆಲ್ಲಗೆ ಸರಿಸಿದಳು. “ಬೋಣಿ, ಮೇಡಂ.”

ಮೇಡಂ ಅರ್ಜಿಯನ್ನು ಕೊನೆಯವರೆಗೆ ಓದಿದರು. ಆಮೇಲೆ ಪೆನ್ನು ತೆಗೆದು, ‘ಇನ್ನು ಆರು ತಿಂಗಳು’ ಎಂದು ಬರೆದು ರುಜು ಹಾಕಿದರು. “ಈ ಸಲ ಬೇರೆ ಏನಾದ್ರೂ ಕಲಿಸೋಣ. ಸಾಬೂನು ಮಾತ್ರ ಬೇಡಮ್ಮಾ.”

ಅವರ ಜೀಪು ತಿರುವು ದಾಟುವವರೆಗೆ ಇಸಿಂಗಕ್ಕ ಕದಲಲಿಲ್ಲ. ಆಮೇಲೆ ಆ ಕಾಗದ ಹಿಡಿದು ಕುರ್ಚಿಗಳಿಗೆ ತಟ್ಟಿದಳು, ಕಾಫಿ ಪಾತ್ರೆಗೆ ತಟ್ಟಿದಳು, ಕಿಟಕಿಗೆ ಬಂದು ನನ್ನ ತಲೆಗೂ ಒಂದು ಬಿಟ್ಟಳು. ಕೊನೆಗೆ ಮೂಲೆಯಲ್ಲಿದ್ದ ತನ್ನ ಪೊರಕೆಗೆ, ಮೆಲ್ಲಗೆ, ಎರಡು ಸಲ.