ಗಡಿಯಾರಕ್ಕೆ ಹಚ್ಚಿದ ಎಣ್ಣೆ

ನಿನ್ನೆ ಸಂಜೆ ನನ್ನ ಹೆಂಡತಿ ಬಾಗಿಲ ಚಿಲಕಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಜ್ವರದಿಂದ ಎದ್ದು ಇನ್ನೂ ವಾರವಾಗಿಲ್ಲ, ಸುಮ್ಮನೆ ಮಲಗು ಎಂದರೆ ಕೇಳುವ ಪೈಕಿಯಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಚಿಲಕಕ್ಕೆ ಎಣ್ಣೆ ಕಾಣಿಸದಿದ್ದರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅದು ಸರಿಯೇ. ಆದರೆ ಕಬ್ಬಿಣಕ್ಕೆ ಕೊಬ್ಬರಿ ಎಣ್ಣೆ ತಾಗಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಆ ವಾಸನೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾಕೆಂದು ಹೇಳುತ್ತೇನೆ.

ಜರ್ಮನ್ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಆಗ ಖಾನಾಪುರದಲ್ಲಿ. ಅಪ್ಪನದು ಅಕ್ಕಿ ವ್ಯಾಪಾರ; ಜಾಂಬೋಟಿ ಕಡೆಯ ಭತ್ತ ಕೊಂಡು, ಕುಟ್ಟಿಸಿ, ಬೆಳಗಾವಿಗೆ ಕಳಿಸುತ್ತಿದ್ದ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವ್ವನಿಗಂತೂ ಒಂದು ಗುಟುಕು ನೀರೂ ಇಲ್ಲ. ಬಿಸಿಲಿನ ಊರಲ್ಲಿ ಇದು ಸುಲಭ. ಖಾನಾಪುರದ ಶ್ರಾವಣದಲ್ಲಿ ಮಧ್ಯಾಹ್ನವೇ ದೀಪ ಹಚ್ಚಬೇಕು. ಕಾಣದ ಸೂರ್ಯ ಮುಳುಗಿದನೋ ಇಲ್ಲವೋ ತಿಳಿಯುವುದು ಹೇಗೆ? ಅವ್ವ ಬಾಜು ಮನೆಯ ಮರಾಠಾ ರೈತರ ಕೋಳಿಗಳನ್ನು ನಂಬಿದ್ದಳು. ಅವು ಅಂಗಳ ಬಿಟ್ಟು ಗೂಡಿನ ಕಡೆ ಹೊರಟರೆ ನಮ್ಮಲ್ಲಿ ಗಡಿಬಿಡಿಯಿಂದ ತಾಟು ಹಾಕುತ್ತಿದ್ದರು. ಜೈನರ ಮನೆ ಕೋಳಿಯ ಅಪ್ಪಣೆಯಂತೆ ಉಣ್ಣುತ್ತದೆ ಎಂದು ನಾನು ನಗೆಯಾಡುತ್ತಿದ್ದೆ. ಬೆಳಗಾವಿಯಲ್ಲಿ ಮ್ಯಾಟ್ರಿಕ್ ಓದುತ್ತಿದ್ದವ ನಾನು. ಕಲಿತದ್ದಕ್ಕಿಂತ ನಗುವುದೇ ಹೆಚ್ಚಿತ್ತು.

ನನ್ನ ನಗೆ ತಾಳಲಾರದೆಯೋ ಏನೋ, ಅಪ್ಪ ಒಂದು ಸಲ ಬೆಳಗಾವಿಯ ಕ್ಯಾಂಪಿಗೆ, ಬ್ರಿಟಿಷ್ ಪಲ್ಟನ್ ಇದ್ದಲ್ಲಿಗೆ, ಅಕ್ಕಿ ಹಾಕಲು ಬಂದವನು ತನ್ನ ದೇಶಕ್ಕೆ ಹೊರಟಿದ್ದ ಗೋರಾ ಸಾರ್ಜೆಂಟನೊಬ್ಬನಿಂದ ಕೈಗಡಿಯಾರ ಕೊಂಡುಕೊಂಡ. ಊರಿಗೆ ಅದೇ ಮೊದಲನೆಯದು. "ಏನ್ರಿ ಸಾವಕಾರ್ರ, ಬಳಿ ಇಟಗೊಂಡೀರಲ್ಲ?" ಎಂದು ಪೇಟೆಯವರು ಕಾಡಿದರೆ ಅಪ್ಪ, "ನನಗಲ್ಲೋ ಮಾರಾಯಾ, ನಮ್ಮನಿಯಾಕಿ ಊಟಕ್ಕ" ಎನ್ನುತ್ತಿದ್ದ. ಪಂಚಾಂಗದಲ್ಲಿ ಸೂರ್ಯಾಸ್ತ ನೋಡುವುದು, ಗಡಿಯಾರ ನೋಡುವುದು, ಅವ್ವನಿಗೆ ಕೂಗಿ ಹೇಳುವುದು. ಕೋಳಿಗಳ ನೌಕರಿ ಹೋಯಿತು.

ಆದರೆ ಗಡಿಯಾರ ಮುಂದೆ ಓಡುತ್ತಿತ್ತು. ಬೆಳಿಗ್ಗೆ ಸ್ಟೇಶನ್ನಿನ ಗಡಿಯಾರಕ್ಕೆ ಸರಿಮಾಡಿದ್ದು ಸಂಜೆಯೊಳಗೆ ಕೈಮೀರಿರುತ್ತಿತ್ತು. ನಾನು ಹಿಂದಿನ ಮುಚ್ಚಳ ತೆಗೆದು, ಒಳಗೆ ವೇಗ ಹೆಚ್ಚುಕಡಿಮೆ ಮಾಡುವ ಸಣ್ಣ ಮುಳ್ಳನ್ನು ನಿಧಾನದ ಕಡೆಗೆ ಸರಿಸಿದೆ. ಮಲಗಿಸಿ ಇಟ್ಟು ನೋಡಿದೆ, ತೂಗುಹಾಕಿ ನೋಡಿದೆ. ನನ್ನ ಮ್ಯಾಟ್ರಿಕ್ ವಿದ್ಯೆ ಅಲ್ಲಿಗೆ ಮುಗಿಯಿತು. ಕೊನೆಗೆ ಕ್ಯಾಂಪಿನ ರಿಪೇರಿಯವನ ಹತ್ತಿರ ಒಯ್ದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಕೂದಲದಂಥಾ ಸ್ಪ್ರಿಂಗ್ ಐತ್ರಿ ಒಳಗ. ಅದರ ಸುತ್ತುಗೋಳು ಒಂದಕ್ಕೊಂದು ಅಂಟಗೊಂಡ್ರ ಸ್ಪ್ರಿಂಗ್ ಗಿಡ್ಡ ಆದಂಗ ಆಕ್ಕೈತಿ, ಗಡಿಯಾರ ಓಡಾಕ ಹತ್ತತೈತಿ" ಎಂದು ತೊಳೆದು ಕೊಟ್ಟ. ಮಳೆಯಿಂದ ಜೋಪಾನ ಮಾಡಿರಿ ಎಂದ. ಅಪ್ಪನಿಗೆ ಹಾಗೆಯೇ ಹೇಳಿದೆ. ಗಡಿಯಾರ ಆಮೇಲೆ ಮಿನಿಟು ತಪ್ಪಲಿಲ್ಲ. ಅಪ್ಪ ಸ್ಟೇಶನ್ನಿಗೆ ಹೋಗುವುದನ್ನೂ ಬಿಟ್ಟ. ನಾನು ಬೆಳಗಾವಿಗೆ ಮರಳಿದೆ.

ಆ ಶ್ರಾವಣದಲ್ಲಿ ಅವ್ವ ಜ್ವರ ಹಿಡಿದು ಮಲಗಿದಳೆಂದು ಕರೆ ಬಂತು. ಹೋದಾಗ ಆಕೆಗೆ ಎಚ್ಚರ ಬರುವುದು, ಹೋಗುವುದು ನಡೆದಿತ್ತು. ಎಚ್ಚರಾದಾಗೆಲ್ಲ ಗಂಜಿಯ ತಿಳಿಯನ್ನೋ ನೀರನ್ನೋ ಕುಡಿಸಲೇಬೇಕು ಎಂದು ವೈದ್ಯರು ಹೇಳಿದ್ದರು. ಅಪ್ಪ ಹಾಸಿಗೆಯ ಬದಿ ಬಿಟ್ಟು ಕದಲಿರಲಿಲ್ಲ. ಆ ದಿನ ಮಧ್ಯಾಹ್ನವೆಲ್ಲ ಮಂಪರಿನಲ್ಲಿದ್ದವಳು ಒಮ್ಮೆ ಕಣ್ಣು ತೆರೆದಳು.

"ಭಾಳ ನೀರಡಿಸೇತ್ರಿ. ಹೊತ್ತ ಐತೇನು?"

ಅಪ್ಪ ಗಡಿಯಾರ ನೋಡಿದ. ಅಕ್ಕಿಯ ತೂಕದಲ್ಲಿಯೂ ಸುಳ್ಳಾಡಿದವನಲ್ಲ ಅವನು. "ಮುಣಗೇತಿ" ಎಂದ.

ಅವ್ವ ಕೈಮುಗಿದು, ತುಟಿಯಲ್ಲೇ ಮಂತ್ರ ಹೇಳಿ, ಸೂರ್ಯೋದಯದ ತನಕ ಎಲ್ಲವನ್ನೂ ಬಿಟ್ಟೆನೆಂದು ನೇಮ ತೆಗೆದುಕೊಂಡಳು. "ಅವ್ವಾ, ಜಡ್ಡಿನವರಿಗೆ ಎಂಥಾ ನೇಮ?" ಎಂದು ನಾನು ಅಂಗಲಾಚಿದೆ. "ಆರಾಮ ಇದ್ದಾಗ ಯಾರರ ಮಾಡ್ತಾರಪಾ" ಎಂದಳು.

ಸ್ವಲ್ಪ ಹೊತ್ತಿಗೆ ಮೋಡ ಹರಿಯಿತು. ಎಷ್ಟೋ ದಿನ ಕಾಣದ ಬಿಸಿಲು ಕಿಟಕಿಯಿಂದ ಬಂದು ಅವ್ವನ ಹಾಸಿಗೆಯ ಮೇಲೆ ಬಿತ್ತು. ಆಚೆ ಬಾಜು ಮನೆಯ ಕೋಳಿಗಳು ಇನ್ನೂ ಅಂಗಳ ಕೆದರುತ್ತಿದ್ದವು. ಅಪ್ಪ ತಂಬಿಗೆ ಹಿಡಿದು ಓಡಿ ಬಂದ. "ನೋಡಿಲ್ಲೆ, ಬಿಸಲ ಬಿದ್ದೈತಿ! ಹೊತ್ತ ಐತಿ, ನಾ ತಪ್ಪಿ ಹೇಳೀನಿ. ಕುಡಿ!"

ಅವ್ವ ಬಿಸಿಲನ್ನೇ ನೋಡಿದಳು. "ಕೈ ಮುಗದ ಬಿಟ್ಟೀನ್ರಿ. ಸೂರ್ಯಾ ಹೊಳ್ಳಿ ಬಂದ ಅಂತ ನಾನೂ ಹೊಳ್ಳಾಕ ಬರತೈತೇನು? ಮುಂಜಾನಿ ಕುಡೀತೀನಿ."

ಮುಂಜಾನೆಗೆ ಮೊದಲೇ ಹೋದಳು. ಆ ಜ್ವರಕ್ಕೆ ನೀರು ಕುಡಿದಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ಒಳ್ಳೆಯ ಮನುಷ್ಯ, ಮತ್ತೇನು ಹೇಳಿಯಾರು? ಆದರೆ ಒಣಗಿದ ಆ ತುಟಿಗಳನ್ನು ನೋಡಿದವರು ನಾವು.

ಅವ್ವನ ದಿನಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪ ಗಡಿಯಾರ ತೆಗೆದುಕೊಂಡು ನನ್ನೊಡನೆ ಕ್ಯಾಂಪಿಗೆ ಬಂದ. ರಿಪೇರಿಯವ ಮುಚ್ಚಳ ತೆಗೆದವನೇ ಮೂಸಿ ನೋಡಿದ.

"ಕೊಬ್ರಿ ಎಣ್ಣಿ! ಯಾರ್ರಿ ಹಾಕಿದವರು?"

"ನಾನ" ಎಂದ ಅಪ್ಪ. "ಮಳಿಗಾಲಕ್ಕ ಜೋಪಾನ ಮಾಡ್ರಿ ಅಂದಿದ್ರಲ್ಲ."

ಖಾನಾಪುರದಲ್ಲಿ ಮಳೆಗಾಲದ ಜೋಪಾನವೆಂದರೆ ಅದೇ. ಕೀಲಿಗೆ, ಕುಡುಗೋಲಿಗೆ, ತಕ್ಕಡಿಯ ದಂಡಿಗೆ ಹಚ್ಚುವಂತೆ ಅಪ್ಪ ಕಸಬರಿಗೆ ಕಡ್ಡಿಯಿಂದ ಗಡಿಯಾರದೊಳಗೂ ಒಂದು ಹನಿ ಬಿಟ್ಟಿದ್ದ. ಅವ್ವನ ಊಟದ ಗಡಿಯಾರಕ್ಕೆ ತುಕ್ಕು ಹಿಡಿಯಬಾರದೆಂದು. ಆ ಎಣ್ಣೆಗೆ ಸ್ಪ್ರಿಂಗಿನ ಸುತ್ತುಗಳು ಮತ್ತೆ ಅಂಟಿಕೊಂಡಿದ್ದವು.

"ಹಾಕದಿದ್ರ ಬರೋಬರಿ ನಡೀತಿತ್ತೇನು?" ಎಂದು ಅಪ್ಪ ಕೇಳಿದ.

ರಿಪೇರಿಯವನಿಗೆ ನಮ್ಮ ಮನೆಯ ಸಂಗತಿ ಏನು ಗೊತ್ತು? ತನ್ನ ಕೆಲಸದ ಹೆಮ್ಮೆಯಲ್ಲಿ, "ಹಂಗ ಬಿಟ್ಟಿದ್ರ ಸ್ಟೇಶನ್ ಗಡಿಯಾರದ ಜೋಡಿ ನಡೀತಿತ್ತಲ್ರಿ!" ಎಂದ.

ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಾನು ಭುಜ ಹಿಡಿದು ಎಬ್ಬಿಸಬೇಕಾಯಿತು. ಅಂದಿನಿಂದ ಅವನು ನಡುಮಧ್ಯಾಹ್ನ ಒಂದು ಹೊತ್ತು ಉಂಡು ನೀರು ಕುಡಿದರೆ ಮುಗಿಯಿತು. ಬೇಸಿಗೆಯಲ್ಲಿ ನಾಲಿಗೆ ಒಣಗಿದರೂ ಮತ್ತೆ ತಂಬಿಗೆ ಮುಟ್ಟುತ್ತಿರಲಿಲ್ಲ. ಎಂಥ ವೈರಾಗ್ಯ ಎಂದು ಬಸದಿಗೆ ಬಂದವರು ಅವನ ಕಾಲು ಮುಟ್ಟುತ್ತಿದ್ದರು. ಅಪ್ಪ ಕಾಲು ಹಿಂದೆಳೆದುಕೊಳ್ಳುತ್ತಿದ್ದ. ಸಾಯುವ ತನಕ ಹಾಗೆಯೇ ಇದ್ದ.

ನಿನ್ನೆ ಚಿಲಕದ ಕೆಲಸ ಮುಗಿಸಿ ಹೆಂಡತಿ ಕೈ ತೊಳೆದುಕೊಂಡಳು. ಬಾಡಿದ ಮುಖ, ಬಿಳಿಚಿದ ತುಟಿ. ತಂಬಿಗೆ ಎತ್ತಿಕೊಂಡು, "ಹೊತ್ತ ಐತೇನ ನೋಡ್ರಿ" ಎಂದಳು. ಇಷ್ಟು ವರ್ಷ ಆಕೆ ಹೀಗೆ ಕೇಳಿದಾಗೆಲ್ಲ ಗಡಿಯಾರ ನೋಡಿ ಇದ್ದದ್ದನ್ನು ಇದ್ದಹಾಗೆ ಹೇಳಿದವ ನಾನು, ಅಪ್ಪನ ಮಗ. ಬಾಗಿಲಿಗೆ ಹೋದೆ. ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ಕೈಯಲ್ಲಿದ್ದ ಗಡಿಯಾರ ಹೊತ್ತು ಮುಳುಗಿದೆ ಎನ್ನುತ್ತಿತ್ತು. ಅದು ಸರಿಯಾದ ಗಡಿಯಾರ.

"ಐತಿ" ಎಂದೆ. "ಇನ್ನೂ ಹೊತ್ತ ಐತಿ. ಕುಡಿ."

ಆಕೆ ಗಟಗಟ ಕುಡಿದಳು. ತಂಬಿಗೆ ಕೆಳಗಿಡುವವರೆಗೆ ನಾನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ, ಹೊರಗಿನ ಕತ್ತಲೆ ಆಕೆಗೆ ಕಾಣದ ಹಾಗೆ.