ಹಾಳೆಗೆ ಎರಡು ರೂಪಾಯಿ

ಬರೆಯುವ ಕೆಲಸಕ್ಕೆ ಹಾಳೆ ಲೆಕ್ಕದಲ್ಲಿ ದರ ಕಟ್ಟಿದವನು ಯಾರೋ, ಸಿಕ್ಕರೆ ಇವತ್ತಿಗೂ ಸುಮ್ಮನೆ ಬಿಡುವವಳಲ್ಲ ನಾನು. ಆ ಲೆಕ್ಕಕ್ಕೆ ಒಪ್ಪಿದ ಮೂರ್ಖಳೂ ನಾನೇ ಎಂಬುದು ಬೇರೆ ಮಾತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ಮೆಟ್ರಿಕ್ ಮುಗಿಸಿ ಶಿರಸಿಯ ಮನೆಯಲ್ಲಿ ಕೂತಿದ್ದೆ. ಪೇಟೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪು ಮಾರುವ ಸಾಹುಕಾರರೊಬ್ಬರಿದ್ದರು. ಸಿದ್ದಾಪುರ, ಯಲ್ಲಾಪುರದ ಅಂಗಡಿಗಳಿಗೂ ಅವರದೇ ಮಾಲು. ಪಂಪಿನ ಜೊತೆ ಬರುವ ಎಂಟು ಹಾಳೆಯ ಇಂಗ್ಲಿಷ್ ಪುಸ್ತಿಕೆಯನ್ನು ಕನ್ನಡದಲ್ಲಿ ಬರೆದುಕೊಡು ಎಂದರು. ಎಷ್ಟು ಕೇಳಬೇಕೆಂದು ನನಗೇನು ಗೊತ್ತು? ಕಚೇರಿಯೆದುರು ಅರ್ಜಿ ಬರೆಯುವ ಮುದುಕರನ್ನು ವಿಚಾರಿಸಿದೆ. "ದರ ಮೊದಲೇ ಮಾತಾಡು, ತಂಗಿ. ಬರೆದುಕೊಟ್ಟ ಮೇಲೆ ಕೇಳಿದ್ರೆ ಯಾರೂ ಕೊಡೂದಿಲ್ಲ," ಎಂದರು. ಹಾಳೆಗೆ ಎರಡು ರೂಪಾಯಿ ಎಂದೆ. ಸಾಹುಕಾರರು ತಟಕ್ಕನೆ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಪೌಂಡು ಮೈಲುತುತ್ತ, ಅಷ್ಟೇ ಸುಣ್ಣ, ಹತ್ತು ಗ್ಯಾಲನ್ ನೀರು ಎಂದಿತ್ತು ಪುಸ್ತಿಕೆಯಲ್ಲಿ. ಗ್ಯಾಲನ್ ಎಂದರೆ ನಮ್ಮ ಕಡೆ ಯಾರಿಗೆ ತಿಳಿಯಬೇಕು? ಅಡಿಕೆ ತೋಟವಿದ್ದ ಮತ್ತಿಘಟ್ಟದ ಚಿಕ್ಕಮ್ಮನ ಮನೆಗೆ ಹೋಗಿ ಮೂರು ದಿನ ಉಳಿದೆ. ಔಷಧಿಗೆ ನೀರು ಹೊರುವವರು ಹೆಂಗಸರು, ಅಳತೆಯೂ ಅವರ ಕೊಡದ್ದೇ. ಚಿಮಣಿ ಎಣ್ಣೆಯ ಖಾಲಿ ಡಬ್ಬಿಗೆ ಸರಿಯಾಗಿ ನಾಲ್ಕು ಗ್ಯಾಲನ್. ಅದಕ್ಕೆ ಒಂದೊಂದೇ ಕೊಡ ಸುರಿದು ನೋಡಿದೆವು. ಚಿಕ್ಕಮ್ಮನ ತಾಮ್ರದ ಕೊಡಕ್ಕೆ ಡಬ್ಬಿಯ ಮುಕ್ಕಾಲು ತುಂಬಿತು. ಪಕ್ಕದ ಮನೆಯ ಮಣ್ಣಿನ ಕೊಡಕ್ಕೆ ಅರ್ಧವೂ ತುಂಬಲಿಲ್ಲ. ಹೀಗೆ ಮೂರು ದಿನ ಕೈಕಾಲು ನೆನೆಸಿಕೊಂಡು ನಾನು ಗಳಿಸಿದ್ದು ಒಂದು ವಾಕ್ಯ: "ನೀರನ್ನು ಕೊಡದಲ್ಲಿ ಅಳೆಯಬೇಡಿ, ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಎರಡೂವರೆ ಡಬ್ಬಿ ಹಾಕಿ."

ದ್ರಾಕ್ಷಿ, ಬಟಾಟೆ ಎಂದು ನಮಗೆ ಬೇಡದ್ದನ್ನೆಲ್ಲ ಬಿಟ್ಟೆ. ಬರಹ ಮೂರು ಹಾಳೆಗೆ ಇಳಿಯಿತು. ತಿಳಿದು ಬರೆದಷ್ಟೂ ಚಿಕ್ಕದಾಯಿತು, ಚಿಕ್ಕದಾದಷ್ಟೂ ನನ್ನ ದುಡ್ಡು ಕರಗಿತು! ಬರೆದುಕೊಟ್ಟ ಮರುದಿನ ಸಾಹುಕಾರರ ಅಂಗಡಿಗೆ ಹೋಗಿ, ಮತ್ತಿಘಟ್ಟದ ಮೂರು ದಿನಕ್ಕೆ ಏನಾದರೂ ಕೊಡಿ ಎಂದು ಕೇಳಿಯೇಬಿಟ್ಟೆ.

"ಮೂರು ಹಾಳಿ ಬರದು ಎಂಟು ಹಾಳೀದು ರೊಕ್ಕ ಕೇಳ್ತಿಯೇನವ್ವಾ?" ಎಂದು ಸಾಹುಕಾರರು ನಕ್ಕರು. ಹಾವೇರಿ ಕಡೆಯಿಂದ ಬಂದವರು. ಮಾತು ಬಲು ಮೆತ್ತಗೆ. ಆಮೇಲೆ ಪೆನ್ಸಿಲ್ ತೆಗೆದು ಡಬ್ಬಿಯ ವಾಕ್ಯಕ್ಕೆ ಗೀಟು ಎಳೆದರು. "ಡಬ್ಬಿ ಯಾಕ? ಹತ್ತು ಕೊಡ ಅಂತ ಬರಿ. ಎಲ್ಲಾರಿಗೂ ತಿಳಿತೈತಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ! ನನ್ನ ಮೈಯೆಲ್ಲ ಉರಿದುಹೋಯಿತು. ಹತ್ತು ಕೊಡ ಹಾಕಿದರೆ ಔಷಧಿ ಹೋಗಿ ಬರೀ ನೀರಾಗುತ್ತದೆ, ಕೊಳೆ ನಿಲ್ಲುವುದಿಲ್ಲ ಎಂದೆ. ಕೇಳದಿದ್ದಾಗ, ನನ್ನ ಬರಹ ನನಗೆ ವಾಪಸು ಕೊಡಿ ಎಂದೆ.

"ರೊಕ್ಕ ಮುಂಜಾನೇನ ನಿಮ್ಮ ಅಪ್ಪಗ ಮುಟ್ಟೇತಿ," ಎಂದರು.

ಮನೆಗೆ ಬಂದರೆ ನಿಜವೇ. ಆರು ರೂಪಾಯಿ ಅಪ್ಪಯ್ಯನ ಜೇಬಿನಲ್ಲಿತ್ತು. ನನ್ನನ್ನು ಒಂದು ಮಾತು ಕೇಳಬೇಕೆಂದು ಇಬ್ಬರು ದೊಡ್ಡವರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಎರಡು ದಿನ ನಾನು ಅಪ್ಪಯ್ಯನ ಹತ್ತಿರ ಮಾತಾಡಲಿಲ್ಲ. ಮತ್ತಿಘಟ್ಟಕ್ಕೆ ಒಂದು ಕಾಗದ ಹಾಕುವ ಬುದ್ಧಿ ಮಾತ್ರ ಆ ಸಿಟ್ಟಿನಲ್ಲಿ ಬರಲಿಲ್ಲ. ಡಬ್ಬಿಯ ಲೆಕ್ಕ ಚಿಕ್ಕಮ್ಮನ ಕಣ್ಣೆದುರೇ ಆದದ್ದಲ್ಲವೇ, ಅವಳಿಗೆ ಬೇರೆ ಹೇಳಬೇಕೇ ಎಂದುಕೊಂಡೆ.

ಆ ಮಳೆಗಾಲ ಕಳೆದ ಮೇಲೆ ಚಿಕ್ಕಮ್ಮ ಶಿರಸಿಗೆ ಬಂದಳು. ಹೊಸ ಪಂಪಿನಲ್ಲಿ ಔಷಧಿ ಹೊಡೆದರೂ ಅವರ ಅಡಿಕೆಯಲ್ಲಿ ಮುಕ್ಕಾಲು ಪಾಲು ಕೊಳೆತು ಉದುರಿತ್ತು. ಡಬ್ಬಿಯಲ್ಲಿ ಅಳೆಯಲಿಲ್ಲವೇ ಎಂದು ಕೇಳಿದೆ.

"ನೀನು ಡಬ್ಬಿ ಹೇಳಿದ್ದು ನೆನಪಿತ್ತು. ಆದ್ರೆ ಅಚ್ಚಾದ್ರಲ್ಲಿ ಹತ್ತು ಕೊಡ ಹೇಳಿ ಬರ್ದಿತ್ತು. ನಿನ್ ಚಿಕ್ಕಪ್ಪ ಓದಿ ಹೇಳ್ದ. ನೀನೇ ಆಮೇಲೆ ತಿದ್ದಿದ್ದು ಅಂತ ನಾನು ಅಂದ್ಕಂಡಿ," ಎಂದಳು ಚಿಕ್ಕಮ್ಮ. ಅವಳಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ದನಿ ತಗ್ಗಿಸಿ, ತನ್ನದೇ ತಪ್ಪೆಂಬಂತೆ ಕೇಳಿದಳು:

"ಇನ್ನೂ ಎರಡು ಕೊಡ ನೀರು ಹೊರಬೇಕಾಗಿತ್ತನೇ ಕೂಸೆ?"