ಹುರುಳಿ ತಿಂದ ಸೈಕಲ್ಲು

ಮೊನ್ನೆ ಭಾನುವಾರ ಪಾಂಡವಪುರದ ರೋಡಲ್ಲಿ ನಾನ್ ಓಡಿಸ್ತಿದ್ದ ಸೈಕಲ್ಲು ಹುರುಳಿ ತಿಂದ್ಬುಡ್ತು.

ನಗ್ಬೇಡಿ. ಗಂಟ್ಲುಮಟ್ಟ ತಿಂದು ನಡುರೋಡಲ್ಲಿ ನಿಂತ್ಕಬುಡ್ತು. (ಕುದ್ರೆ ಹುರುಳಿ ತಿಂದ್ರೆ ಓಡ್ತದೆ, ಸೈಕಲ್ ತಿಂದ್ರೆ ನಿಲ್ತದೆ. ನನ್ನ ಸ್ವಂತ ಸಂಶೋಧನೆ.)

ಇದು ಸುರುವಾಗಿದ್ದು ಒಂದು ಟ್ರಿಪ್ಪಿಂದ. ಬರೋ ಸಂಕ್ರಾಂತಿ ರಜಕ್ಕೆ ನಾನು, ನಮ್ ಕ್ಲಾಸಿನ ಸುಹೇಲು ಸೈಕಲ್ಲಲ್ಲೇ ನಾಗಮಂಗಲದ ನಮ್ಮತ್ತೆ ಮನೆಗೆ ಹೋಗದು ಅಂತ ಪ್ಲಾನು. ನಮ್ಮೂರು ಗಂಜಾಂನಿಂದ ನೆಟ್ಟಗೆ ಹೋದ್ರೆ ಅದೇನ್ ಟ್ರಿಪ್ಪು? ಪಾಂಡವಪುರ, ಕೆ.ಆರ್. ಪೇಟೆ ಎಲ್ಲಾ ಸುತ್ತಾಕಂಡು ಹೋಗದು. ಅರ್ಧ ಟಾರು, ಅರ್ಧ ನಾಲೆ ಏರಿ, ಇನ್ನರ್ಧ ಗುಂಡಿ. (ಮ್ಯಾತ್ಸ್ ಮೇಷ್ಟ್ರು ಓದ್ತಿದ್ರೆ ಈ ಲೈನ್ ಬುಟ್ಬುಡಿ ಸಾರ್.)

ಸುಹೇಲನ ಹತ್ರ ಗೇರಿಲ್ದೆ ಇರೋ ದಪ್ಪ ಟೈರಿನ ಸೈಕಲ್ ಅದೆ. ನನ್ನ ಹತ್ರ ಏನೂ ಇಲ್ಲ. ನಮ್ಮಪ್ಪ ಬಡಗಿ. ಬಾಗ್ಲಿಗೆ ಉಳಿ ಹೊಡೀತಾ, ತಲೆ ಎತ್ತದೆ ಅಂದ್ರು:

"ಒಂದೇ ಸಲ ಕೊಡ್ಸದು ಕಣ್ಲಾ. ನೆಟ್ಟಗೆ ನೋಡ್ಕಂಡು ತಗ. ಆಮೇಲೆ ಅದು ಸರಿಗಿಲ್ಲ ಇದು ಸರಿಗಿಲ್ಲ ಅಂತ ಬಂದ್ರೆ ಮರದ್ದೇ ಒಂದು ಮಾಡ್ಕೊಡ್ತೀನಿ."

ಮಾಡೇ ಮಾಡ್ತಾರೆ. ನಂಗೆ ಭಯ ಅದೆ.

ಅದಕ್ಕೆ ರಿಸರ್ಚಿಗೆ ಇಳ್ದೆ. ನೋಡಿದ ವಿಡಿಯೋಗಳ್ನ ಉದ್ದಕ್ಕೆ ಜೋಡ್ಸಿದ್ರೆ ಬೆಳಗೊಳ ದಾಟ್ತವೆ. ಒಬ್ಬ ಯಾವ್ದೋ ಬೆಟ್ಟದ ಮೇಲೆ ನಿಂತ್ಕಂಡು, ಮಿಕ್ಸ್ಡ್ ಸರ್ಫೇಸ್ ಅಂದ್ರೆ ಟಾರು, ಜಲ್ಲಿ, ಮಣ್ಣು, ಮರಳು ಅಂತ ಪಾಠ ಮಾಡ್ತಾನೆ. ನಾನು ಆಗ್ಲೇ ಡಿಸೈಡ್ ಮಾಡ್ಬುಟ್ಟಿದ್ದೆ. ಬಳೆಯಷ್ಟು ಸಣ್ಣ ಟೈರು, ಟಗರಿನ ಕೊಂಬಿನಂಗೆ ಬಗ್ಗಿದ ಹ್ಯಾಂಡ್ಲು. ಅದ್ರ ಮೇಲೆ ಕೂತ್ರೆ ಗಂಜಾಂ ಪೂರ್ತಿ ತಿರುಗಿ ನೋಡ್ಬೇಕು. ಸೈಕಲ್ ತಗಳಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಸುಹೇಲನ ಚಾಚಾದು ಸೈಕಲ್ ಅಂಗಡಿ. ಆ ಸಣ್ಣ ಟೈರಿಂದೇ ಒಂದು ಟೆಸ್ಟ್ ರೈಡಿಗೆ ಕೊಟ್ರು. ಆದ್ರೆ ಒಂದು ಕಂಡೀಶನ್ನು.

"ಗೀರು ಬಿತ್ತೋ, ಇದೇ ನಿಂದು ಬೇಟಾ. ಬೇರೆದ್ರ ಮಾತೇ ಇಲ್ಲ."

ಟಾರಲ್ಲಿ ನನ್ನ ಸೈಕಲ್ಲು ಗಾಳಿ. ಸುಹೇಲು ಹಿಂದೆ ಏದುಸಿರು ಬುಡ್ತಾ, "ರುಕೋ ಯಾರ್, ನಾನಿಲ್ಲಿ ರೋಡ್ ರೋಲರ್ ತುಳೀತಾ ಇವ್ನಿ!" ಅಂತಾವ್ನೆ. ನಾಲೆ ಏರಿಗೆ ಇಳಿದ ತಕ್ಷಣ ಉಲ್ಟಾ. ಅವ್ನು ಹಾಡ್ ಹೇಳ್ಕಂಡು ಹೋದ. ನನ್ನ ಹಲ್ಲುಗಳು ಒಂದಕ್ಕೊಂದು ತಾಳ ಹಾಕ್ತಿದ್ವು. ಮತ್ತೆ ಟಾರು ಸಿಕ್ತು. ಸ್ಪೀಡ್ ಏರ್ಸಿದೆ. ತಿರುವು ದಾಟುದ್ರೆ ಟಾರೇ ಕಾಣ್ತಿಲ್ಲ!

ರೋಡ್ ತುಂಬ ಹುರುಳಿ ಬಳ್ಳಿ. ಲಾರಿ ಬಸ್ಸು ತುಳಿದು ಕಾಳು ಉದುರ್ಲಿ ಅಂತ ಹರವವ್ರೆ. ಹುಟ್ಟಿದಾಗಿಂದ ನೋಡ್ತಾ ಇವ್ನಿ, ಸೈಕಲ್ ಆರ್ಸೋವಾಗ ಮಾತ್ರ ನೆಪ್ಪಿಗೇ ಬರ್ಲಿಲ್ಲ. ಆ ಬೆಟ್ಟದ ಮೇಲಿನೋನೂ ಹೇಳ್ಲಿಲ್ಲ.

ನುಗ್ಗಿಸ್ದೆ. ಬಳ್ಳಿ ಗೇರಿಗೆ ಸುತ್ಕಂಡು ಚಕ್ರ ಲಾಕಾಯ್ತು. ನಾನು ಹುರುಳಿ ಮೇಲೆ, ಸೈಕಲ್ಲು ನನ್ನ ಮೇಲೆ.

ಕಡ್ಡಿ ಪೊರಕೆ ಇಡ್ಕಂಡಿದ್ದ ಒಬ್ಬಮ್ಮ ಓಡ್ಬಂದ್ರು. ಪೆಟ್ಟಾಯ್ತಾ ಅಂತ ಕೇಳ್ತಾರೆ ಅಂದ್ಕಂಡೆ.

"ಏನ್ಲಾ ಇದು ಟೈರು? ಇಂಗೆ ಹೋದ್ರೆ ಒಂದು ಕಾಯಾದ್ರೂ ಒಡೀತದಾ? ಸೊಳ್ಳೆ ಕೂತಂಗಾಯ್ತದೆ!"

ಅಷ್ಟೊತ್ತಿಗೆ ಸುಹೇಲು ಬಂದ. ಆವಮ್ಮನ ಮುಖ ಅರಳ್ತು.

"ನಿಂದು ಸೈಕಲ್ಲು ಅಂದ್ರೆ! ಬಾ ಮಗಾ, ಇನ್ನೆರಡು ಸುತ್ತು ಒಡಿ."

ಅವ್ನು ಗಾಣದೆತ್ತಿನಂಗೆ ಸುತ್ತುತ್ತಾ ಅವ್ನೆ. ನಾನು ರೋಡ್ ಪಕ್ಕ ಕೂತು ಗೇರಿಂದ ಬಳ್ಳಿ ಕೀಳ್ತಾ ಇವ್ನಿ.

"ಅಲ್ಲಾ ಅವ್ವಾ, ರೋಡ್ ಇರೋದು ಓಡಾಡಕ್ಕಲ್ವಾ?" ಅಂದೆ.

"ಓಡಾಡಿ ಅಂತಾನೆ ಅಲ್ವೇನ್ಲಾ ಹರವಿರದು? ನೀನ್ಯಾಕೆ ನಿಂತ್ಕಂಡೆ?"

ಕೊನೆಗೆ ಸುಹೇಲನಿಗೆ ಟೋಪಿ ತುಂಬ ಹುರುಳಿ ಕೊಟ್ರು. ನಂಗೆ ಗೇರಲ್ಲಿ ಸಿಕ್ಕಿದ್ದೇ ಕೂಲಿ.

ಅಂಗಡೀಲಿ ಚಾಚಾ ಸೈಕಲ್ನ ಮಗೀನಂಗೆ ತಿರುಗ್ಸಿ ತಿರುಗ್ಸಿ ನೋಡಿದ್ರು. ಗೀರೆಲ್ಲಾ ನನ್ನ ಮೊಣಕೈ ಮೇಲಿತ್ತು, ಸೈಕಲ್ ಮೇಲೆ ಒಂದೂ ಇಲ್ಲ. ಬಚಾವಾದೆ! ಮೂಲೇಲಿ ಸಗಣಿ ಬಣ್ಣದ್ದೊಂದು ನಿಂತಿತ್ತು. ಟೈರು ಅತ್ಲಾಗೆ ಸಣ್ಣದೂ ಅಲ್ಲ, ಇತ್ಲಾಗೆ ದಪ್ಪಾನೂ ಅಲ್ಲ. ಬಣ್ಣ ನೋಡಿ ಬೆಳಗ್ಗೆ ಅದ್ರ ಕಡೆ ತಿರುಗೂ ನೋಡಿರ್ಲಿಲ್ಲ. ಈಗ ಹತ್ತಿ ಒಂದು ರೌಂಡ್ ಹೊಡ್ದೆ. ಟಾರಲ್ಲಿ ಓಡ್ತು. ಅಂಗಡಿ ಹಿಂದಿನ ಜಲ್ಲೀಲಿ ಹಲ್ಲು ಸುಮ್ಕಿದ್ವು.

"ಚಾಚಾ, ಇದ್ರ ಗೇರಿಗೆ ಹುರುಳಿ ಸಿಕ್ಕಾಕಳಲ್ವಾ?"

"ಗೇರಿರೋ ಎಲ್ಲಾದಕ್ಕೂ ಸಿಕ್ಕಾಕತ್ತದೆ ಬೇಟಾ. ಇಳ್ದು, ಎತ್ಕಂಡು ದಾಟು."

ಅಂದ್ರೆ ಸೈಕಲ್ಲು ನನ್ನ ಹೊರ್ಬೇಕು, ಹುರುಳಿ ಬಂದ್ರೆ ನಾನು ಸೈಕಲ್ ಹೊರ್ಬೇಕು. ಎತ್ತಿ ನೋಡ್ದೆ, ಹಗುರಕ್ಕೇ ಇತ್ತು. ಅಪ್ಪನಿಗೆ ಹೇಳ್ದೆ: ಸಗಣಿ ಬಣ್ಣದ್ದೇ ಇರ್ಲಿ.

ಈಗ ಉಳಿದಿರದು ಒಂದೇ ಡೌಟು. ನಾಗಮಂಗಲದೋರೇ, ಸಂಕ್ರಾಂತಿಗೆ ನಿಮ್ ರೋಡ್ ಮೇಲೆ ಏನ್ ಹರವ್ತೀರಾ?